ಉಂಬಲಕಡ ನೆತುವ: ಅತ್ತೆಯ ಜೊತೆ ಲಂಕೆಯಲ್ಲಿ ಒಂಬತ್ತು ದಿನ

‘ಉಂಬಲಕಡ’ ಎಂಬ ಪದವನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಮೀನು, ಮಾಂಸ ತಿನ್ನದವರು ಶ್ರೀಲಂಕಾಕ್ಕೆ ಹೊರಟಿದ್ದರೆ ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಕೊಳ್ಳಬೇಕಾದ ಪದ ಅದು. ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಆಮೇಲೆ ಅದನ್ನು ಕುಟ್ಟಿ ಚಟ್ನಿಗೆ, ಪಲ್ಯಕ್ಕೆ, ಸೊಪ್ಪಿಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾರೆ. ನಾವು ಇಂಗು ಹಾಕುತ್ತೇವಲ್ಲ, ಹಾಗೆ. ಹಾಕುವವರಿಗೆ ಅದು ಮೀನು ಅಂತಲೇ ಅನ್ನಿಸುವುದಿಲ್ಲ. ಒಂದು ರುಚಿ, ಅಷ್ಟೆ.

ಇದು ನಮಗೆ ಗೊತ್ತಾಗಿದ್ದು ಮೊದಲ ದಿನದ ಮಧ್ಯಾಹ್ನದ ಊಟದಲ್ಲಿ.

ಎರಡು ವರ್ಷದ ಹಿಂದಿನ ಏಪ್ರಿಲ್. ಅತ್ತೆಗೆ ಆಗ 71 ವರ್ಷ. ಅವರ ಪಾಸ್‌ಪೋರ್ಟ್ ಮಾಡಿಸಿ ಐದು ವರ್ಷ ಕಳೆದಿತ್ತು. ಅದರಲ್ಲಿ ಒಂದೂ ಮುದ್ರೆ ಬಿದ್ದಿರಲಿಲ್ಲ. ಮಾವ ಇದ್ದಾಗ ಹೋಗೋಣ ಅಂದುಕೊಂಡಿದ್ದರು, ಆಗಲಿಲ್ಲ. ಈ ಸಲ ಮಕ್ಕಳ ರಜೆಗೆ ನಾವು ಐದೂ ಜನ ಹೊರಟೆವು. ನಾನು, ನನ್ನ ಗಂಡ, ಹದಿಮೂರರ ಮಗಳು, ಏಳರ ಮಗ ಪುಟ್ಟ, ಮತ್ತೆ ಅತ್ತೆ. ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ಉಳಿಯುವ ಜಾಗ ಒಳ್ಳೆಯದಿರಬೇಕು. ದುಡ್ಡು ಬೇರೆ ಎಲ್ಲಿ ಬೇಕಾದರೂ ಉಳಿಸೋಣ, ಹೋಟೆಲಿನಲ್ಲಿ ಬೇಡ ಅಂದೆ. ಅತ್ತೆ ತಮ್ಮ ಜೀವಮಾನದಲ್ಲಿ ಯಾವ ಮನೆಗೆ ಹೋದರೂ ಬೆಳಿಗ್ಗೆ ಎದ್ದು ಹಾಸಿಗೆ ಮಡಚಿ, ಅಡಿಗೆಮನೆಗೆ ಹೋಗಿ "ಏನಾದ್ರೂ ಹೆಚ್ಚಿಕೊಡ್ಲಾ" ಎಂದು ಕೇಳಿದವರು. ಬೇರೆಯವರು ಹಾಸಿಗೆ ಹಾಸಿ, ಬೇರೆಯವರು ಬಡಿಸಿ, ಇವರು ಸುಮ್ಮನೆ ಕೂತಿರುವುದನ್ನು ನನಗೆ ನೋಡಬೇಕಿತ್ತು.

ಕಟುನಾಯಕ ವಿಮಾನ ನಿಲ್ದಾಣದಿಂದ ದಂಬುಲ್ಲಕ್ಕೆ ಸುಮಾರು 150 ಕಿಲೋಮೀಟರ್. ವ್ಯಾನಿನಲ್ಲಿ ನಾಲ್ಕು ಗಂಟೆ. ದಾರಿಯಲ್ಲಿ ಒಂದು ಊಟದ ಹೋಟೆಲಿನಲ್ಲಿ ನಿಲ್ಲಿಸಿದೆವು. ಮೀನು ಬೇಡ, ಮಾಂಸ ಬೇಡ, ಬರೀ ತರಕಾರಿ ಅಂತ ಎರಡೆರಡು ಸಲ ಹೇಳಿದೆ. "ವೆಜಿಟಬಲ್, ವೆಜಿಟಬಲ್" ಎಂದು ಒಪ್ಪಿಕೊಂಡೇ ಹೋದರು. ಕೆಂಪಕ್ಕಿ ಅನ್ನ, ಬೇಳೆ, ಬೀನ್ಸ್, ಜೊತೆಗೆ ಕೆಂಪಗೆ ಕಾಯಿಚಟ್ನಿ ಬಂತು. ಅತ್ತೆಗೆ ಚಟ್ನಿ ತುಂಬ ಹಿಡಿಸಿತು. ಎರಡನೇ ಸಲ ಹಾಕಿಸಿಕೊಂಡರು. ಅದರಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಚೂರು ಕಂಡವು. ಸುಟ್ಟ ಕಾಯಿ ಇರಬೇಕು ಅಂದುಕೊಂಡೆವು. ಪಕ್ಕದ ಮೇಜಿನಲ್ಲಿದ್ದ ನಮ್ಮ ಡ್ರೈವರ್ ಎದ್ದು ಬಂದು, ತಟ್ಟೆ ನೋಡಿ, ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು.

ಅತ್ತೆ ಏನೂ ಅನ್ನಲಿಲ್ಲ. ಬಡಿಸಿದವರನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದರು. ಉಳಿದ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಇನ್ನು ಎಂಟು ದಿನ ಇವರಿಗೆ ಬ್ರೆಡ್ಡು ಬಾಳೆಹಣ್ಣೇ ಗತಿಯಾಗುತ್ತದೇನೋ ಎಂದು ನನ್ನ ಹೊಟ್ಟೆಯಲ್ಲಿ ಸಂಕಟ. ಕರೆದುಕೊಂಡು ಬಂದವಳು ನಾನು. ಆ ಎರಡು ಗಂಟೆ ನಾನು ಯಾವತ್ತೂ ಮರೆಯಲಾರೆ.

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಲೇ ಇದ್ದರು. ಐವತ್ತರ ಆಸುಪಾಸಿನ ಮನುಷ್ಯ. ಕುರುಣೆಗಲದ ಕಡೆಯವರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: "ವೆಜಿಟಬಲ್ ಅಂತ ಕೇಳ್ಬೇಡಿ ಮೇಡಂ. ಉಂಬಲಕಡ ನೆತುವ ಅಂತ ಕೇಳಿ." ನೆತುವ ಅಂದರೆ ‘ಇಲ್ಲದೆ’. ಹಿಂದಿನ ಸೀಟಿನಲ್ಲಿ ಪುಟ್ಟ ಅದನ್ನು ಹತ್ತು ಸಲ ಹೇಳಿದ. ಮಗಳು ಹೇಳಿದಳು. ನಾನೂ ಹೇಳಿದೆ. ಅತ್ತೆ ಮಾತ್ರ ಹೇಳಲಿಲ್ಲ.

ಸಂಜೆಗೆ ಹೆರಿಟೆನ್ಸ್ ಕಂಡಲಮ ತಲುಪಿದೆವು. ಈ ಹೋಟೆಲಿನ ಬಗ್ಗೆ ನಾನು ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಜೆಫ್ರಿ ಬಾವ ಎಂಬ ಲಂಕೆಯ ದೊಡ್ಡ ವಾಸ್ತುಶಿಲ್ಪಿ ಕಟ್ಟಿದ್ದು. 1994ರಲ್ಲಿ ಶುರುವಾಯಿತು. ಮೊದಲು ಇದನ್ನು ಸಿಗಿರಿಯ ಬಂಡೆಯ ಬುಡದಲ್ಲೇ ಕಟ್ಟಬೇಕು ಎಂದಿತ್ತಂತೆ. ಬಾವ ಹೆಲಿಕಾಪ್ಟರಿನಲ್ಲಿ ಸುತ್ತಿ, ದೂರದ ಕಂಡಲಮ ಕೆರೆಯ ದಡದಲ್ಲಿ ಈ ಕಡಿದಾದ ಬಂಡೆಯನ್ನು ಆರಿಸಿದರು. ಕಟ್ಟಡ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದ ಇದೆ. ಆದರೆ ಕೆರೆಯ ಆಚೆಯಿಂದ ನೋಡಿದರೆ ಕಾಣುವುದೇ ಇಲ್ಲ. ಬಳ್ಳಿಗಳು ಅದನ್ನು ಮುಚ್ಚಿಬಿಟ್ಟಿವೆ. ಮಳೆ ಬಂದಾಗ ಬಂಡೆಯ ಮೇಲಿನ ನೀರು ಹರಿದು ಹೋಗಲಿ ಎಂದು ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಗುಹೆಯಂಥ ದಾರಿಯಲ್ಲಿ ಒಳಗೆ ಹೋಗುತ್ತೀರಿ, ಪಕ್ಕದಲ್ಲಿ ನಿಜವಾದ ಬಂಡೆ, ಮುಟ್ಟಿದರೆ ತಣ್ಣಗೆ. ಹಾಗೇ ತಿರುಗಿದರೆ ಎದುರಿಗೆ ಕೆರೆ, ಕಾಡು, ದೂರದಲ್ಲಿ ಸಿಗಿರಿಯ.

ಅತ್ತೆ ಬಂಡೆಯ ಮೇಲೆ ಕೈಯಿಟ್ಟು ನಿಂತುಕೊಂಡರು. "ಬಂಡೆ ಒಡೀದೇ ಮನೆ ಕಟ್ಟಿದಾರಲ್ಲೇ" ಎಂದರು. ಮಧ್ಯಾಹ್ನದ ನಂತರ ಅವರು ಆಡಿದ ಮೊದಲ ಮಾತು ಅದು.

ಕೋಣೆಯ ಬಾಲ್ಕನಿಯ ಬಾಗಿಲು ಯಾವಾಗಲೂ ಹಾಕಿಕೊಂಡಿರಿ, ಮಂಗಗಳು ಒಳಗೆ ಬರುತ್ತವೆ ಎಂದು ಹೇಳಿದರು. ನಿಜ, ಬೆಳಿಗ್ಗೆ ಆರಕ್ಕೆ ಎರಡು ಮಂಗ ಕಂಬಿಯ ಮೇಲೆ ಕೂತು ನಮ್ಮ ಪುಟ್ಟನನ್ನು ನೋಡುತ್ತಿದ್ದವು. ಸ್ನಾನದ ಕೋಣೆಗೂ ದೊಡ್ಡ ಗಾಜು, ಹೊರಗೆ ಎಲೆಗಳು. ಹಾಸಿಗೆಯ ಬಗ್ಗೆ, ದಿಂಬಿನ ಬಗ್ಗೆ ನಾನೇನೂ ಬರೆಯುವುದಿಲ್ಲ. ಇಂಥ ಕಡೆ ಅವು ಚೆನ್ನಾಗಿಯೇ ಇರುತ್ತವೆ.

ಊಟದ ಕಥೆಗೆ ಬರುತ್ತೇನೆ.

ಬೆಳಗಿನ ತಿಂಡಿಯ ಸಾಲು ತುಂಬ ಉದ್ದ. ಒಂದು ಮೂಲೆಯಲ್ಲಿ ಆಪ್ಪ ಹುಯ್ಯುತ್ತಿದ್ದರು. ಅಕ್ಕಿ ಹಿಟ್ಟಿಗೆ ತೆಂಗಿನ ಹಾಲು ಸೇರಿಸಿ ಹುಳಿ ಬರಿಸಿದ ಹಿಟ್ಟು. ಸಣ್ಣ ಬಾಣಲೆಯಲ್ಲಿ ಸುತ್ತ ತಿರುಗಿಸಿ ಮುಚ್ಚುತ್ತಾರೆ. ಅಂಚು ಕಾಗದದ ಹಾಗೆ ಗರಿಗರಿ, ನಡುವೆ ಮೆತ್ತಗೆ. ಅದರ ಪಕ್ಕ ಇಂದಿ ಆಪ್ಪ, ಅಂದರೆ ಒತ್ತು ಶಾವಿಗೆ. ಬಿದಿರಿನ ಸಣ್ಣ ತಟ್ಟೆಗಳ ಮೇಲೆ ಒತ್ತಿ ಆವಿಯಲ್ಲಿ ಬೇಯಿಸಿದ್ದು. ಜೊತೆಗೆ ಕಿರಿಹೊದಿ, ಅರಿಸಿನ ಹಾಕಿದ ತೆಳ್ಳಗಿನ ತೆಂಗಿನ ಹಾಲಿನ ಸಾರು. ಮತ್ತೆ ಪೊಲ್ ಸಂಬೋಲ. ಹಿಂದಿನ ದಿನದ ಅದೇ ಕೆಂಪು ಚಟ್ನಿ.

ಅತ್ತೆ ಚಟ್ನಿಯ ಬಟ್ಟಲನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಆಪ್ಪ ಹುಯ್ಯುವವರ ಹತ್ತಿರ ಹೋಗಿ ಕೇಳಿದೆ, "ಉಂಬಲಕಡ ನೆತುವ?" ಅವರು ಮೊದಲು ನಕ್ಕರು. ಆಮೇಲೆ ನನ್ನ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿ ನಗು ನಿಲ್ಲಿಸಿದರು. ಇದರಲ್ಲಿ ಇದೆ, ಹತ್ತು ನಿಮಿಷ ಕೊಡಿ ಎಂದರು. ನಾವು ಮೇಜಿಗೆ ಬಂದು ಕೂತೆವು. ಹತ್ತು ನಿಮಿಷವೂ ಆಗಿರಲಿಲ್ಲ, ಒಂದು ಮಣ್ಣಿನ ಬಟ್ಟಲು ಹಿಡಿದು ಅವರೇ ಬಂದರು. ಆಗಷ್ಟೇ ತುರಿದ ಕಾಯಿ, ಒಣಮೆಣಸು, ಸಣ್ಣ ಕೆಂಪು ಈರುಳ್ಳಿ, ಉಪ್ಪು, ನಿಂಬೆರಸ. ಕಲ್ಲಿನ ಮೇಲೆ ಅರೆದದ್ದು. "ಅಮ್ಮಾ, ಇದು ನಿಮಗೆ" ಎಂದರು.

ಸಿಂಹಳದಲ್ಲೂ ಅಮ್ಮ ಎಂದರೆ ಅಮ್ಮನೇ. ಅಕ್ಕ ಎಂದರೆ ಅಕ್ಕ. ಅತ್ತೆ ತಲೆಯೆತ್ತಿ ಅವರನ್ನು ನೋಡಿದರು. ಆಮೇಲೆ ನನಗೆ ಹೇಳಿದರು, "ಅವರ ತಿಂಡಿ ಆಯ್ತಾ ಕೇಳು." ಕೇಳಿದೆ. ಆಗಿದೆ ಎಂದರು. "ಏನು ತಿಂದರು ಕೇಳು." ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ದಿನಕ್ಕೆ ನೂರಾರು ಜನಕ್ಕೆ ಆಪ್ಪ ಹುಯ್ಯುವವರನ್ನು ನೀವೇನು ತಿಂದಿರಿ ಎಂದು ಎಷ್ಟು ಜನ ಕೇಳಿರುತ್ತಾರೆ? ಅನ್ನ, ಪರಿಪ್ಪು, ಪೊಲೊಸ್, ಒಂದು ಸೊಪ್ಪು ಎಂದರು. ಪರಿಪ್ಪು ಅಂದರೆ ಬೇಳೆ. ಪೊಲೊಸ್ ಅಂದರೆ ಹಲಸಿನ ಗುಜ್ಜೆ.

"ಗುಜ್ಜೆನಾ?" ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹಾಗಾದ್ರೆ ನಂಗೂ ಅದೇ ಸಾಕು ಅಂತ ಹೇಳು."

ಆ ರಾತ್ರಿ ನಮ್ಮ ಮೇಜಿಗೆ ಸಾಲಿನಲ್ಲಿಲ್ಲದ ನಾಲ್ಕು ಮಣ್ಣಿನ ಗಡಿಗೆ ಬಂದವು. ಎಲ್ಲವೂ ಉಂಬಲಕಡ ನೆತುವ. ಪೊಲೊಸ್ ಬಗ್ಗೆ ಹೇಳಲೇಬೇಕು. ಎಳೆ ಗುಜ್ಜೆಯ ದಪ್ಪ ಹೋಳು. ಹುರಿದು ಮಾಡಿದ ಕಪ್ಪನೆಯ ಸಾಂಬಾರ ಪುಡಿ, ಚಕ್ಕೆ, ತೆಂಗಿನ ಹಾಲು, ಗೊರಕ. ಗೊರಕ ಹುಳಿಗೆ ಹಾಕುವ ಕಪ್ಪು ಸಿಪ್ಪೆ. ಅತ್ತೆ ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು. ಒಂದು ತುಂಡನ್ನು ಬಾಯಿಗಿಟ್ಟು "ಇದು ಉಪ್ಪಾಗೆ" ಎಂದರು. ನಿಜವಾಗಿಯೂ ನಮ್ಮ ಮಲೆನಾಡಿನ ಹುಳಿಕಾಯಿ ಉಪ್ಪಾಗೆಯ ಜಾತಿಯದೇ. ಇದನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ, ಹಳ್ಳಿಗಳಲ್ಲಿ ರಾತ್ರಿಯಿಡೀ ಒಲೆಯ ಮೇಲೆಯೇ ಬಿಡುತ್ತಾರೆ. ಹೋಳು ಒಳಗಿನವರೆಗೂ ಕಂದಾಗಿ, ಮುಟ್ಟಿದರೆ ಎಳೆ ಎಳೆಯಾಗಿ ಬಿಡಬೇಕು. ಮಗಳು, ಗುಜ್ಜೆ ಕಂಡರೆ ತಟ್ಟೆಯ ಅಂಚಿಗೆ ಸರಿಸುವವಳು, ಎರಡು ಸಲ ಹಾಕಿಸಿಕೊಂಡಳು.

ಸೊಪ್ಪು ಏನು ಗೊತ್ತಾ? ಗೊಟುಕೊಳ. ನಮ್ಮ ಒಂದೆಲಗ. ಕೂದಲೆಳೆಯ ಹಾಗೆ ಹೆಚ್ಚಿ, ಹಸಿ ಕಾಯಿತುರಿ, ಈರುಳ್ಳಿ, ಹಸಿಮೆಣಸು, ನಿಂಬೆ ಹಾಕಿ ಕಲಸುತ್ತಾರೆ. ಬೇಯಿಸುವುದಿಲ್ಲ. ಬೆಳಿಗ್ಗೆ ಅದೇ ಸೊಪ್ಪನ್ನು ಅರೆದು ಅಕ್ಕಿ ಗಂಜಿಗೆ ಸೇರಿಸಿ ‘ಕೊಲ ಕೆಂದ’ ಎಂದು ಕುಡಿಯುತ್ತಾರೆ, ಬಾಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ ಉಳಿದ ಎರಡು ಬೆಳಿಗ್ಗೆ ಕಾಫಿಯನ್ನೇ ಕೇಳಲಿಲ್ಲ.

ಎರಡನೇ ದಿನ ನನ್ನ ಗಂಡ ಮಕ್ಕಳನ್ನು ಕರೆದುಕೊಂಡು ಸಿಗಿರಿಯ ಹತ್ತಿದರು. 5ನೇ ಶತಮಾನದ ಕಾಶ್ಯಪ ರಾಜನ ಕೋಟೆ, ಸುಮಾರು 1,200 ಮೆಟ್ಟಿಲು. ಬೆಳಿಗ್ಗೆ ಏಳಕ್ಕೇ ಬುಡದಲ್ಲಿರಿ, ಬಿಸಿಲೇರಿದರೆ ಕಷ್ಟ. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಅತ್ತೆಯ ಮಂಡಿಗೆ ಅದು ಆಗದ ಕೆಲಸ. "ನಿಮಗೆ ಏನು ನೋಡ್ಬೇಕು ಅತ್ತೆ?" ಎಂದು ಕೇಳಿದೆ. ತರಕಾರಿ ಮಾರ್ಕೆಟ್ಟು ಎಂದರು.

ದಂಬುಲ್ಲದಲ್ಲಿ ದೇಶಕ್ಕೇ ದೊಡ್ಡದಾದ ಸಗಟು ತರಕಾರಿ ಮಾರುಕಟ್ಟೆಗಳಲ್ಲೊಂದು ಇದೆ. ಪ್ರವಾಸಿಗಳು ಅದರ ಪಕ್ಕದಲ್ಲೇ ಹಾದು ಗುಹಾ ದೇವಾಲಯಕ್ಕೆ ಹೋಗುತ್ತಾರೆ. ಹೊಸ ವರ್ಷದ ಹಬ್ಬ ಹತ್ತಿರ ಬಂದಿತ್ತು, ಲಾರಿಗಳ ಸಾಲು, ಮೂಟೆ ಹೊತ್ತವರ ಓಡಾಟ. ಡ್ರೈವರ್ ಅತ್ತೆಯ ಕೈ ಹಿಡಿದುಕೊಂಡು ನಡೆಸಿದರು. ಅವರು ಒಂದು ತರಕಾರಿಯ ಕಡೆ ಕೈ ತೋರಿಸಿ ಸಿಂಹಳದಲ್ಲಿ ಹೆಸರು ಹೇಳುತ್ತಿದ್ದರು. ಅತ್ತೆ ಕನ್ನಡದಲ್ಲಿ ಹೇಳುತ್ತಿದ್ದರು. ಕೊಸ್, ಹಲಸು. ದೆಲ್, ದೀವಿಹಲಸು. ಮುರುಂಗಾ, ನುಗ್ಗೆ. ಕರಪಿಂಚ, ಕರಿಬೇವು. ದಿವುಲ್, ಬೇಲದ ಹಣ್ಣು. ಒಂದು ಅಂಗಡಿಯಲ್ಲಿ ಕಪ್ಪನೆಯ ಜೋನಿ ತುಂಬಿದ ಬಾಟಲಿ. ಕಿತುಲ್ ಪೆಣಿ ಎಂದರು. ಯಾವ ಮರದ್ದು ಎಂದು ಅತ್ತೆಗೆ ತಿಳಿಯಲಿಲ್ಲ. ಡ್ರೈವರ್ ಫೋನಿನಲ್ಲಿ ಮರದ ಚಿತ್ರ ತೆಗೆದು ತೋರಿಸಿದರು. "ಅಯ್ಯೋ, ಬಗನಿ!" ಎಂದರು ಅತ್ತೆ. ಅವರ ದನಿ ಎಷ್ಟು ಜೋರಾಗಿತ್ತೆಂದರೆ ಅಂಗಡಿಯವರೂ ತಿರುಗಿ ನೋಡಿದರು. ಆನೆಗೆ ಹಾಕುವ ಬಗನಿ ಸೊಪ್ಪನ್ನು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಅದರ ಹೂಗೊನೆಯಿಂದ ಸಿಹಿ ಇಳಿಸುವುದನ್ನು ನೋಡಿರಲಿಲ್ಲ.

ಆ ರಾತ್ರಿ ಎಮ್ಮೆ ಮೊಸರಿನ ಮೇಲೆ ಅದೇ ಪೆಣಿ ಹಾಕಿಕೊಟ್ಟರು. ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಮೊಸರು. ಪೆಣಿಗೆ ಹೊಗೆಯ ವಾಸನೆ ಇರುತ್ತದೆ, ಬೆಲ್ಲದಷ್ಟು ಸಿಹಿ ಇರುವುದಿಲ್ಲ. ನಾನು ತಿಂದ ಎಲ್ಲ ಸಿಹಿಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ.

ದುಡ್ಡಿನ ವಿಷಯ ಒಂದು ಮಾತು. ಕಂಡಲಮದ ಸುತ್ತ ಕಾಡು, ಕೆರೆ. ರಾತ್ರಿ ಹೊರಗೆ ಊಟಕ್ಕೆ ಹೋಗುವ ಜಾಗ ಹತ್ತಿರದಲ್ಲಿ ಇಲ್ಲ. ಅಲ್ಲಿ ರಾತ್ರಿ ಊಟವೂ ಸೇರಿದ ದರ ತೆಗೆದುಕೊಳ್ಳಿ. ಊರೊಳಗಿನ ಹೋಟೆಲಿನಲ್ಲಿ ಬೆಳಗಿನ ತಿಂಡಿ ಮಾತ್ರ ಸಾಕು. ಬಿಲ್ಲಿಗೆ ಶೇಕಡಾ 10 ಸರ್ವಿಸ್ ಚಾರ್ಜ್, ಅದರ ಮೇಲೆ ತೆರಿಗೆ ಬರುತ್ತದೆ. ಬುಕ್ ಮಾಡುವಾಗ ಕಾಣುವ ದರದಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ.

ಕ್ಯಾಂಡಿಯಲ್ಲಿ ಒಂದೇ ರಾತ್ರಿ. ಬುದ್ಧನ ಹಲ್ಲನ್ನು ಇಟ್ಟಿರುವ ದೇವಾಲಯ ದಳದಾ ಮಾಳಿಗಾವದ ಸಂಜೆ ಪೂಜೆ, ಡೋಲಿನ ಸದ್ದು, ತಾವರೆ, ವಿಪರೀತ ಜನ. ಅತ್ತೆ ಒಂದು ನೀಲಿ ತಾವರೆ ಅರ್ಪಿಸಿ ಬಂದರು.

ಮರುದಿನ ರೈಲು. ಕ್ಯಾಂಡಿಯಿಂದ ನುವರ ಎಲಿಯ ಊರಿಗೆ ಹತ್ತಿರದ ‘ನಾನುಓಯ’ ನಿಲ್ದಾಣಕ್ಕೆ ಸುಮಾರು ನಾಲ್ಕು ಗಂಟೆ. ಟೀ ತೋಟ, ಮಂಜು, ಸುರಂಗ. ಎಲ್ಲರೂ ಫೋಟೋ ಹಾಕುತ್ತಾರೆ, ನೀವು ನೋಡಿರುತ್ತೀರಿ. ನನ್ನ ನೆನಪಿನಲ್ಲಿ ಉಳಿದಿದ್ದು ವಡೆ ಮಾರುವವರು. ಬುಟ್ಟಿಯಲ್ಲಿ ಎರಡು ಥರ. ಒಂದರ ಮೇಲೆ ಇಡೀ ಸೀಗಡಿ ಅಂಟಿಸಿರುತ್ತಾರೆ, ಅದು ಇಸ್ಸೊ ವಡೆ. ಇನ್ನೊಂದು ಬರೀ ಬೇಳೆಯದು, ಪರಿಪ್ಪು ವಡೆ. ನಾನು ಬಾಯಿ ತೆರೆಯುವ ಮೊದಲೇ ಮಗಳು ಕೇಳಿಬಿಟ್ಟಳು, "ಉಂಬಲಕಡ ನೆತುವ?" ಅವಳ ಉಚ್ಚಾರ ನನಗಿಂತ ಚೆನ್ನಾಗಿತ್ತು. ನೆತುವ, ನೆತುವ ಎಂದು ಅವರು ಆರು ವಡೆ ಕಟ್ಟಿಕೊಟ್ಟರು. ಕಟ್ಟಿದ್ದು ಯಾವುದೋ ಮಗುವಿನ ಹಳೆಯ ಗಣಿತದ ಪುಸ್ತಕದ ಹಾಳೆಯಲ್ಲಿ. ಎಣ್ಣೆಯ ಕಲೆಯ ನಡುವೆ ಭಾಗಾಕಾರದ ಲೆಕ್ಕ. ಟೀಚರು ಕೆಂಪು ಶಾಯಿಯಲ್ಲಿ ಸರಿ ಹಾಕಿದ್ದರು. ಪುಟ್ಟ ಕೂತು ಲೆಕ್ಕವನ್ನೆಲ್ಲ ನೋಡಿದ. ಅಂಕಿಗಳು ನಮ್ಮ ಶಾಲೆಯ ಹಾಗೇ ಇದ್ದವು, ಅಕ್ಷರ ಮಾತ್ರ ಬೇರೆ.

ಏಪ್ರಿಲ್‌ನಲ್ಲಿ ನುವರ ಎಲಿಯಕ್ಕೆ ಹೋಗುವವರು ಒಂದು ತಿಳಿದುಕೊಳ್ಳಿ. ಹೊಸ ವರ್ಷದ ರಜೆಗೆ ಕೊಲಂಬೊದವರೆಲ್ಲ ಅಲ್ಲಿಗೇ ಬರುತ್ತಾರೆ. ಗ್ರೆಗರಿ ಕೆರೆಯ ಸುತ್ತ ವಾಹನಗಳು ಆಮೆಯ ಹಾಗೆ ಹೋಗುತ್ತಿದ್ದವು. ನಾವು ಉಳಿದಿದ್ದು ಅಲ್ಲಿಂದ ಆಚೆ, ಕಂದಪೊಲದ ಹೆರಿಟೆನ್ಸ್ ಟೀ ಫ್ಯಾಕ್ಟರಿಯಲ್ಲಿ. ಸುಮಾರು 2,000 ಮೀಟರ್ ಎತ್ತರ. ಬ್ರಿಟಿಷರ ಕಾಲದ ಹೆದರ್ಸೆಟ್ ಟೀ ಕಾರ್ಖಾನೆ 1970ರ ದಶಕದಲ್ಲಿ ಮುಚ್ಚಿಹೋಗಿತ್ತು. 1996ರಲ್ಲಿ ಅದನ್ನೇ ಹೋಟೆಲ್ ಮಾಡಿದರು. ಹೊರಗಿನಿಂದ ಈಗಲೂ ಕಾರ್ಖಾನೆಯೇ, ಉದ್ದುದ್ದ ಕಿಟಕಿಗಳ ಸಾಲು. ಎಲೆ ಬಾಡಿಸುತ್ತಿದ್ದ ಮೇಲಿನ ಮಹಡಿಗಳಲ್ಲಿ ಈಗ ಕೋಣೆಗಳು. ಹಳೆಯ ಯಂತ್ರ, ದೊಡ್ಡ ಚಕ್ರ, ಬೆಲ್ಟು ಎಲ್ಲ ಹಾಗೇ ಇಟ್ಟಿದ್ದಾರೆ. ನನ್ನ ಗಂಡ ಯಂತ್ರಗಳ ಕೆಲಸದವರು. ಎರಡು ದಿನ ಅವರನ್ನು ಹುಡುಕಬೇಕಾದಾಗಲೆಲ್ಲ ಆ ಎಂಜಿನ್ನಿನ ಹತ್ತಿರ ಸಿಗುತ್ತಿದ್ದರು.

ಅಲ್ಲಿ ಟೀ ಕೀಳುವ ಹೆಂಗಸರ ಹಿಂದಿನ ತಲೆಮಾರಿನವರನ್ನು ಬ್ರಿಟಿಷರು ದಕ್ಷಿಣ ಭಾರತದಿಂದ ಕರೆದುಕೊಂಡು ಹೋದದ್ದು. ಮೊದಲು ಕಾಫಿ ತೋಟಕ್ಕೆ. 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಬಂದು ತೋಟಗಳು ಹಾಳಾಗುತ್ತಾ ಹೋದವು. ಆ ಜಾಗಕ್ಕೆ ಟೀ ಬಂತು. ಹೋಟೆಲಿನಲ್ಲಿ ಅತಿಥಿಗಳಿಗೆ ಬುಟ್ಟಿ ಕೊಟ್ಟು ಟೀ ಎಲೆ ಕೀಳಿಸುತ್ತಾರೆ. ಮಕ್ಕಳು ಖುಷಿಯಿಂದ ಹೋದರು. ಅತ್ತೆ ಹೋಗಲಿಲ್ಲ. ಇಳಿಜಾರಿನಲ್ಲಿ ಕೆಲಸ ಮಾಡುತ್ತಿದ್ದ ನಿಜವಾದ ಕೆಲಸದವರನ್ನು ದಿಣ್ಣೆಯ ಮೇಲೆ ನಿಂತು ಬಹಳ ಹೊತ್ತು ನೋಡಿದರು. "ಬೆನ್ನು ಎಷ್ಟು ನೋಯತ್ತೋ" ಎಂದರು. ನಾವು ಕೋಣೆಗೆ ಕೊಡುತ್ತಿದ್ದ ದುಡ್ಡು ನನ್ನ ತಲೆಯಲ್ಲಿ ಬಂತು. ಅದು ಅವರ ಎಷ್ಟು ದಿನದ ಕೂಲಿ ಎಂದು ಯೋಚಿಸಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಯೋಚನೆ ಬಂದದ್ದನ್ನು ಬರೆಯದೆ ಬಿಡಲಾರೆ.

ತೋಟದವರ ಬೆಳಗಿನ ತಿಂಡಿ ಪೊಲ್ ರೊಟ್ಟಿ. ಹಿಟ್ಟಿಗೆ ಕಾಯಿತುರಿ ಸೇರಿಸಿ ದಪ್ಪಗೆ ತಟ್ಟಿ ಕಾವಲಿಯ ಮೇಲೆ ಸುಟ್ಟದ್ದು. ಜೊತೆಗೆ ಲುಣು ಮಿರಿಸ್. ಲುಣು ಅಂದರೆ ಉಪ್ಪು, ಮಿರಿಸ್ ಅಂದರೆ ಮೆಣಸು. ಈರುಳ್ಳಿ ಹಾಕಿ ಅರೆದು ನಿಂಬೆ ಹಿಂಡಿದರೆ ಮುಗಿಯಿತು. ಚಳಿಯಲ್ಲಿ ಆ ಖಾರ ಕಣ್ಣಲ್ಲಿ ನೀರು ತರಿಸುತ್ತದೆ, ಆದರೂ ಕೈ ನಿಲ್ಲುವುದಿಲ್ಲ. ಕೇಳಿದ್ದಕ್ಕೆ ನಮಗೂ ಅದನ್ನೇ ಮಾಡಿಕೊಟ್ಟರು, ಉಂಬಲಕಡ ಬಿಟ್ಟು. ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ಅರ್ಥವಾಗಿತ್ತು. ನಾವು ಏನು ಬೇಕಾದರೂ ತಿನ್ನುವವರಾಗಿದ್ದರೆ ಸಾಲಿನಿಂದ ಬಡಿಸಿಕೊಂಡು ಸುಮ್ನೆ ತಿಂದು ಎದ್ದುಬಿಡುತ್ತಿದ್ದೆವು. ಪ್ರತಿ ತಟ್ಟೆಗೂ ಇದರಲ್ಲಿ ಏನಿದೆ ಎಂದು ಕೇಳಬೇಕಾಗಿ ಬಂದದ್ದರಿಂದಲೇ ಅಡಿಗೆಮನೆಯವರ ಜೊತೆ ಮಾತಾಡಿದೆವು. ಅವರು ಒಳಗಿನಿಂದ ತಮ್ಮ ಊಟವನ್ನು ತಂದು ಕೊಟ್ಟರು.

ಏಪ್ರಿಲ್ 12ರ ಸಂಜೆ ಕೊಲಂಬೊ. ಡ್ರೈವರ್ ನಮ್ಮನ್ನು ಗಾಲೆ ಫೇಸ್ ಹೋಟೆಲಿನ ಬಾಗಿಲಲ್ಲಿ ಇಳಿಸಿ ಹಬ್ಬಕ್ಕೆ ಊರಿಗೆ ಹೊರಟರು. ಆರು ದಿನ ದಿನಾ ಊಟದ ಹೊತ್ತಿಗೆ ಅತ್ತೆ ಅವರಿಗೆ "ಊಟ ಆಯ್ತಾ" ಎಂದು ಕನ್ನಡದಲ್ಲಿ ಕೇಳುತ್ತಿದ್ದರು. ಅವರು "ಕ್ಯಾಮ ಕ್ಯಾವದ" ಎಂದು ತಿರುಗಿ ಕೇಳುತ್ತಿದ್ದರು. ಅದರ ಅರ್ಥವೂ ಅದೇ. ಹೊರಡುವಾಗ ಅವರ ಹೆಂಡತಿಗೆಂದು ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತೆಗೆದುಕೊಟ್ಟರು. ಉಡದೇ ತಂದಿದ್ದ ಸೀರೆ. ಯಾರಿಗೆಂದು ತಂದಿದ್ದರೋ, ನಾನು ಕೇಳಲಿಲ್ಲ.

ಗಾಲೆ ಫೇಸ್ 1864ರ ಹೋಟೆಲ್. ಎದುರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಗಾಲೆ ಫೇಸ್ ಗ್ರೀನ್ ಬಯಲು. ಆ ಬಯಲನ್ನು 1859ರಲ್ಲಿ ಮುಗಿಸಿದ ಗವರ್ನರ್ ಹೆನ್ರಿ ವಾರ್ಡ್, ಕೊಲಂಬೊದ ಹೆಂಗಸರು ಮಕ್ಕಳಿಗಾಗಿ ಇದನ್ನು ಉಳಿಸಿಕೊಳ್ಳಿ ಎಂದು ಮುಂದೆ ಬರುವವರಿಗೆ ಕಲ್ಲಿನಲ್ಲಿ ಬರೆಸಿ ಇಟ್ಟಿದ್ದಾರೆ. ಉಳಿದಿದೆ. ಸಂಜೆ ಗಾಳಿಪಟ, ವಡೆ ಗಾಡಿ, ಅಲೆಯ ಹತ್ತಿರ ಓಡುವ ಮಕ್ಕಳು. ಹೋಟೆಲಿನ ಕಡಲ ಬದಿಯ ಅಂಗಳದಲ್ಲಿ ದಿನಾ ಸೂರ್ಯ ಮುಳುಗುವಾಗ ಬ್ಯಾಗ್‌ಪೈಪ್ ಊದುತ್ತಾ ಧ್ವಜ ಇಳಿಸುತ್ತಾರೆ. ಪುಟ್ಟ ಎರಡೂ ಸಂಜೆ ಸಾವಧಾನದಲ್ಲಿ ನಿಂತಿದ್ದ.

ಈ ಹೋಟೆಲಿನ ಬಾಗಿಲಲ್ಲಿ ಕುಟ್ಟನ್ ಎಂಬವರು ಇದ್ದರು. ಕೇರಳದಿಂದ ಹೋದವರು. 1942ರಲ್ಲಿ ಕೆಲಸಕ್ಕೆ ಸೇರಿ, 2014ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಬಿಳಿ ಮೀಸೆ, ಬಿಳಿ ಸಮವಸ್ತ್ರ. ಅವರ ಕಥೆ ಹೇಳಿದಾಗ ಅತ್ತೆ ಕೇಳಿದ್ದು ಒಂದೇ, "ಊರಿಗೆ ವಾಪಸ್ ಹೋಗ್ತಿದ್ರಂತಾ?"

13ರಂದು ಕೊಲಂಬೊ ಖಾಲಿ. ಅಂಗಡಿ, ಸಣ್ಣ ಊಟದ ಹೋಟೆಲು ಎಲ್ಲ ಬಾಗಿಲು ಹಾಕಿದ್ದವು. ಹಬ್ಬದ ಸಮಯದಲ್ಲಿ ಹೋಗುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅವುರುದು, ಅಂದರೆ ಸಿಂಹಳ ಮತ್ತು ತಮಿಳು ಹೊಸ ವರ್ಷ. ಸೂರ್ಯ ಮೀನದಿಂದ ಮೇಷಕ್ಕೆ ಹೋಗುವ ಹೊತ್ತು. ಹಳೆ ವರ್ಷ ಮುಗಿದು ಹೊಸತು ನೆಲೆಗೊಳ್ಳುವ ನಡುವೆ ‘ನೊನಗತಯ’ ಎಂಬ ಕೆಲವು ಗಂಟೆ ಇರುತ್ತದೆ. ಆಗ ಒಲೆ ಹಚ್ಚುವುದಿಲ್ಲ, ಯಾವ ಕೆಲಸವನ್ನೂ ಶುರು ಮಾಡುವುದಿಲ್ಲ, ದೇವಸ್ಥಾನಕ್ಕೆ ಹೋಗುತ್ತಾರೆ. ಆಮೇಲೆ ಜೋಯಿಸರು ಕೊಟ್ಟ ಮುಹೂರ್ತಕ್ಕೆ ದೇಶದ ತುಂಬ ಮನೆಮನೆಯಲ್ಲಿ ಒಂದೇ ಹೊತ್ತಿಗೆ ಒಲೆ ಉರಿಯುತ್ತದೆ. ಹೊಸ ಗಡಿಗೆಯಲ್ಲಿ ಹಾಲು ಕಾಯಿಸಿ ಉಕ್ಕಿಸುತ್ತಾರೆ.

14ರ ಬೆಳಿಗ್ಗೆ ಹೋಟೆಲಿನಲ್ಲಿ ಅವುರುದು ಮೇಜು ಹಾಕಿದ್ದರು. ಎಣ್ಣೆಯ ದೀಪ, ಬಾಳೆಗೊನೆ. ಕಿರಿಬತ್, ಅಂದರೆ ಗಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿ ತಟ್ಟಿ ವಜ್ರದ ಆಕಾರಕ್ಕೆ ಕೊಯ್ದ ಅನ್ನ. ಕಜ್ಜಾಯದ ಹಾಗಿನ ಕವುಮ್. ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟು ಕರಿದ ಗರಿಗರಿ ಕೊಕಿಸ್. ಅತ್ತೆ ಆ ದಿನ ರೇಷ್ಮೆ ಸೀರೆ ಉಟ್ಟಿದ್ದರು. ಬಾಗಿಲಲ್ಲಿ ನಿಂತಿದ್ದ ಹುಡುಗಿ, ಇಪ್ಪತ್ತೆರಡು ಇರಬಹುದು, ಅತ್ತೆಯನ್ನು ನೋಡಿ ಒಳಗೆ ಹೋಗಿ ಒಂದು ಕಟ್ಟು ವೀಳ್ಯದೆಲೆ ತಂದಳು. ಎರಡೂ ಕೈಯಲ್ಲಿ ಕೊಟ್ಟು, ಬಗ್ಗಿ ಕಾಲು ಮುಟ್ಟಿದಳು. ಅವುರುದುವಿನಲ್ಲಿ ಕಿರಿಯರು ಹಿರಿಯರಿಗೆ ಹಾಗೆ ಮಾಡುತ್ತಾರೆ. ಹಬ್ಬದ ದಿನ ಡ್ಯೂಟಿಯಲ್ಲಿದ್ದಳು, ಅವಳ ಅಜ್ಜಿ ಊರಿನಲ್ಲಿದ್ದರಂತೆ.

ಅತ್ತೆಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು. ಸೊಂಟದ ಚೀಲದಿಂದ ನೂರು ರೂಪಾಯಿಯ ಲಂಕಾ ನೋಟು ತೆಗೆದು ಅವಳ ಕೈಗಿಟ್ಟರು. ಹುಡುಗಿ ತನ್ನ ಜೇಬಿನಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಅತ್ತೆಯ ಕೈಗೆ ವಾಪಸ್ ಇಟ್ಟಳು. ಅತ್ತೆ ಬೇಡ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಇಲ್ಲ, ತಗೊಳ್ಳಲೇಬೇಕು, ಇದು ಗನುದೆನು, ವರ್ಷದ ಮೊದಲ ಕೊಡು-ಕೊಳ್ಳು ಎಂದಳು. ಅತ್ತೆ ತಗೊಂಡರು. ಎಲೆಯ ಕಟ್ಟನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಮಾವ ಹೋದ ಮೇಲೆ ಯಾವ ಹಬ್ಬದಲ್ಲೂ ಅವರು ಮುಂದೆ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ.

ನಾನು ಮಕ್ಕಳಿಗೆ ತಟ್ಟೆ ತರಲು ಹೋದೆ. ಕಿರಿಬತ್ ಪಕ್ಕದಲ್ಲಿ ಒಂದು ಬಟ್ಟಲು ಬೆಲ್ಲ, ಒಂದು ಬಟ್ಟಲು ಲುಣು ಮಿರಿಸ್. ಕೇಳಿಬಿಡೋಣ ಎಂದು ತಿರುಗಿದೆ. ಅಷ್ಟರಲ್ಲಿ ಅತ್ತೆ ನನ್ನನ್ನು ದಾಟಿ, ತಟ್ಟೆ ಹಿಡಿದು, ಬಡಿಸುವವರ ಎದುರು ನಿಂತಿದ್ದರು. ಬಟ್ಟಲಿನ ಕಡೆ ಬೆರಳು ತೋರಿಸಿ ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು.

"ಉಂಬಲಕಡ ನೆತುವ?"

"ನೆತುವ ಅಮ್ಮಾ" ಎಂದರು ಅವರು.

ಅತ್ತೆ ಎರಡು ಚಮಚ ಹಾಕಿಸಿಕೊಂಡರು. ಆಮೇಲೆ ಪುಟ್ಟನ ತಟ್ಟೆಗೆ ಬೆಲ್ಲ ಹಾಕಿಸಿ, ಕಿಟಕಿಯ ಪಕ್ಕದ ಮೇಜು ಹುಡುಕಿಕೊಂಡು ನಮಗಿಂತ ಮುಂದೆ ಹೋಗಿ ಕೂತರು.